ಹಿಂದಿನ ಸಾಲಿಗೆ ಮುಟ್ಟಿತೇ?

ವಿಮಾನದಲ್ಲಿ ಏನೇನು ಕೊಡುತ್ತಾರೆ ಎಂದು ನಮ್ಮೂರಿನ ನಾಲ್ಕನೆಯ ಇಯತ್ತೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಮೊದಲು ಪೆಪ್ಪರಮಿಂಟು, ಆಮೇಲೆ ಕಿವಿಗೆ ಹತ್ತಿ, ಆಮೇಲೆ ಮುಖ ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆ, ಕೊನೆಗೆ ಊಟ. ವಿಮಾನವನ್ನು ಮಾತ್ರ ನಮ್ಮಲ್ಲಿ ಯಾರೂ ಹತ್ತಿರದಿಂದ ಕಂಡಿರಲಿಲ್ಲ. ಕಾಗಿಣಾ ನದಿ ದಂಡೆಯ ನಮ್ಮ ಹಳ್ಳಿಗೆ ಸೇಡಂನಿಂದ ದಿನಕ್ಕೆ ಎರಡು ಬಸ್ಸು ಬರುತ್ತಿದ್ದ ಕಾಲ ಅದು. ಎರಡರಲ್ಲಿ ಒಂದು ಬೋರ್ಡಿನಲ್ಲಿ ಮಾತ್ರ ಇತ್ತು, ಬರುತ್ತಿರಲಿಲ್ಲ.

ಇದನ್ನೆಲ್ಲ ಕಲಿಸಿದವರು ನಮ್ಮ ಮಾಸ್ತರು. ಹೋದ ತಿಂಗಳು ತೀರಿಕೊಂಡರು. ಸೇಡಂನ ಅವರ ಮನೆಯ ಮುಂದೆ ಸೇರಿದ ಮಂದಿಯಲ್ಲಿ ಅರ್ಧಕ್ಕರ್ಧ ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ. "ಇಮಾನ ಮಾಸ್ತರು ಹೋದ್ರಂತ" ಎಂದು ಕೇಳಿ ಬಂದವರು. ನಾನೂ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರೋ ಬೇರೆಯವರ ಬಗ್ಗೆ ಬರೆಯುತ್ತಿದ್ದೇನೆ ಅನ್ನಿಸುತ್ತದೆ.

ಅವರು ವಿಮಾನ ಹತ್ತಿದ್ದು ಒಂದು ಆಕಸ್ಮಿಕ. ಕಲಿಕೆಯ ಸಾಮಾನು ಮಾಡುವುದರಲ್ಲಿ ಅವರ ಕೈ ಚುರುಕು. ಹಳೆಯ ಛತ್ರಿಯ ಕಡ್ಡಿ, ಗಡಿಗೆಯ ಚೂರು, ಸೈಕಲ್ ಟ್ಯೂಬು ಸೇರಿಸಿ ಗ್ರಹಣ ತೋರಿಸುವ ಯಂತ್ರವೊಂದನ್ನು ಮಾಡಿದ್ದರು. ಅದು ಜಿಲ್ಲೆಗೆ ಹೋಗಿ, ರಾಜ್ಯಕ್ಕೆ ಹೋಗಿ, ದಿಲ್ಲಿಯ ಪ್ರದರ್ಶನಕ್ಕೂ ಆರಿಸಿ ಬಂತು. ವಾಡಿಯಿಂದ ರೈಲು ಹತ್ತಬೇಕಿತ್ತು. ಮಳೆಗೆ ಹಳಿ ಕೊಚ್ಚಿಹೋಗಿ ರೈಲು ರದ್ದಾಯಿತು. ಯಾರೋ ಪುಣ್ಯಾತ್ಮ ಅಧಿಕಾರಿ ಹೈದರಾಬಾದಿನಿಂದ ವಿಮಾನದ ಟಿಕೇಟು ಕೊಡಿಸಿಬಿಟ್ಟರು. ಪ್ರದರ್ಶನದಲ್ಲಿ ಏನು ಬಹುಮಾನ ಬಂತು ಎಂದು ನಾವು ಎಷ್ಟು ಕೇಳಿದರೂ ಅವರಿಗೆ ನೆನಪಿರಲಿಲ್ಲ. ವಿಮಾನದಲ್ಲಿ ಪಕ್ಕದ ಸೀಟಿನವರು ಯಾವ ಬಣ್ಣದ ಕೋಟು ಹಾಕಿದ್ದರು ಎಂಬುದು ಗೊತ್ತಿತ್ತು.

"ದೊಡ್ಡ ಸಾಹೇಬ್ರು ಅವ್ರು. ನಾ ದಾರಿ ಕಡಿ ಕುಂತಿದ್ದೆ, ಅವ್ರು ಕಿಡಕಿ ಕಡಿ. ತಾಟ ತಂದಾಕಿ ಮೊದಲ ನನಗ ಕೊಟ್ಳು! ನಾ ಎದ್ದು ನಿಂತೆ, ಸಾಹೇಬ್ರಿಗೆ ಮೊದಲ ಕೊಡವ್ವ ಅಂತ. ಎಲ್ಲಿ ನಿಲ್ತಿ? ನಡಾಕ ಪಟ್ಟಿ ಬಿಗದಾರ, ಧಪ್ಪಂತ ಕುಂತೆ. ಸಾಹೇಬ್ರು ನಕ್ರು. ಅವ್ರಿಗೆ ಬಂದಿದ್ದೂ ಅದೇ ತಾಟ. ನನಗ ಇದ್ದಷ್ಟೇ ಅನ್ನ, ಅಷ್ಟೇ ಪಲ್ಯಾ. ಒಂದ್ ಕಾಳ ಹೆಚ್ಚಿಲ್ಲ."

ಈ ಕಥೆ ವರ್ಷವರ್ಷವೂ ಬೆಳೆಯುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ನನ್ನ ಅಕ್ಕನ ಕಾಲದಲ್ಲಿ ಮೋಡಗಳು ವಿಮಾನದ ಕೆಳಗಿದ್ದವು. ನನ್ನ ಕಾಲಕ್ಕೆ ಕಿಟಕಿ ಸವರಿಕೊಂಡು ಹೋಗುತ್ತಿದ್ದವು. ನನ್ನ ತಮ್ಮನ ಕಾಲಕ್ಕೆ ಮಾಸ್ತರು ಮೇಲಿನಿಂದ ನಮ್ಮೂರ ಹುಣಸೆಮರವನ್ನೂ ಗುರುತು ಹಿಡಿದಿದ್ದರು. ಊಟದ ತಾಟು ಮಾತ್ರ ಒಂದು ಕಾಳೂ ಬದಲಾಗಲಿಲ್ಲ.

ಪರೀಕ್ಷೆ ಮುಗಿದ ಮರುದಿನ ಅವರು ವಿಮಾನ ಹಾರಿಸುತ್ತಿದ್ದರು. ನಮ್ಮ ಶಾಲೆಯ ನೆಲ ಶಹಾಬಾದಿನ ಫರಸಿ ಕಲ್ಲಿನದು. ಒಂದೊಂದು ಫರಸಿಗೆ ಸೀಮೆಸುಣ್ಣದಿಂದ ಒಂದೊಂದು ನಂಬರು ಬರೆದು, ನಡುವಿನ ಸಾಲನ್ನು ದಾರಿಗೆ ಬಿಡುತ್ತಿದ್ದರು. ಒಂದು ಫರಸಿಗೆ ಒಬ್ಬರು. ನಡುವಿಗೆ ಟವೆಲ್ಲೋ ಅಕ್ಕನ ದಾವಣಿಯೋ ಕಟ್ಟಿಕೊಳ್ಳಬೇಕು, ತೊಡೆಯ ಮೇಲೆ ತಾಟಿನ ಬದಲು ಬರೆಯುವ ಪಾಟಿ ಇಟ್ಟುಕೊಳ್ಳಬೇಕು. ಮಾಸ್ತರು ಕರಿಹಲಗೆಯ ಕಡೆ ಮುಖ ಮಾಡಿ ಕುಳಿತು ಬಾಯಲ್ಲೇ ಇಂಜಿನ್ನು ಶುರು ಮಾಡುತ್ತಿದ್ದರು. ಒಬ್ಬ ಹುಡುಗಿ ಪೆಪ್ಪರಮಿಂಟು ಹಂಚಿ, ಹತ್ತಿ ಹಂಚಿ, ಆಮೇಲೆ ಅಗಲ ತಟ್ಟೆಯಂಥ ದೊಡ್ಡ ಪರಾತದಲ್ಲಿ ಸುಸಲಾ ತರುತ್ತಿದ್ದಳು. ನೆನೆಸಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿದ್ದು. ಅದನ್ನು ನಸುಕಿನಲ್ಲಿ ಎದ್ದು ಮಾಡಿ ಕಳಿಸುತ್ತಿದ್ದವರು ಮಾಸ್ತರರ ಮನೆಯವರು. ಅವರನ್ನು ನಾವು ಅವ್ವಾರು ಎನ್ನುತ್ತಿದ್ದೆವು. ಸೇಡಂನಿಂದ ಆ ಪರಾತ ಮಾಸ್ತರರ ಸೈಕಲ್ಲಿನ ಹಿಂದೆ ಕುಳಿತು ಬರುತ್ತಿತ್ತು.

ಆ ವಿಮಾನಕ್ಕೆ ಎರಡೇ ನಿಯಮ. ಬಡಿಸುವವರು ನೀನು ಯಾರು ಎಂದು ಯಾರನ್ನೂ ಕೇಳಬಾರದು. ಹಿಂದಿನ ಸಾಲಿಗೆ ಮುಟ್ಟುವತನಕ ಮುಂದಿನ ಸಾಲಿನವರು ಬಾಯಿಗೆ ಹಾಕಬಾರದು. ಪರಾತ ತಿರುಗುತ್ತಿರುವಾಗ ಮಾಸ್ತರು ಕುಳಿತಲ್ಲಿಂದಲೇ ಕುತ್ತಿಗೆ ತಿರುಗಿಸಿ ಕೂಗುತ್ತಿದ್ದರು, "ಹಿಂದಿನ ಸಾಲಿಗೆ ಮುಟ್ಟತೇನು?" ಕೊನೆಯ ಸಾಲಿನವರು "ಮುಟ್ಟತ್ರೀ" ಎಂದು ಕೂಗಿದ ಮೇಲೆಯೇ ಎಲ್ಲರ ಕೈಯೂ ಒಟ್ಟಿಗೆ ಪಾಟಿಗೆ ಇಳಿಯುತ್ತಿತ್ತು.

ನನ್ನ ವರ್ಷ ಪರಾತ ಹಿಡಿದವಳು ನಾನು. ನಮ್ಮದು ಹೊಳೆ ದಂಡೆಯ ಮನೆತನ. ಅಜ್ಜ ಬಲೆ ಬೀಸುತ್ತಿದ್ದ, ಅಪ್ಪ ಫರಸಿ ಕಲ್ಲಿನ ಗಣಿಗೆ ಹೋಗುತ್ತಿದ್ದ. ನನ್ನ ಬುತ್ತಿಯಲ್ಲಿ ಮೀನು ಇರಲಿ ಬಿಡಲಿ, ಅದರ ವಾಸನೆ ಇರುತ್ತದೆ ಎಂದು ಉಳಿದ ಹುಡುಗಿಯರು ನಿಶ್ಚಯ ಮಾಡಿಬಿಟ್ಟಿದ್ದರು. ಅವರನ್ನು ದೂರುವುದಿಲ್ಲ, ಅವರ ಮನೆಯಲ್ಲಿ ಹೇಳಿಕೊಟ್ಟಿದ್ದು ಅದು. ನಾನು ಬೇವಿನ ಮರದ ಆಚೆ ಬದಿ ಕುಳಿತು ಉಣ್ಣುತ್ತಿದ್ದೆ. ಆ ದಿನ ಪರಾತ ಹಿಡಿದು ಮೊದಲ ಸಾಲಿಗೆ ಹೋದಾಗ ಅಂಗಡಿಕಾರರ ಮಗಳು ಪಾಟಿಯನ್ನು ಹಿಂದಕ್ಕೆಳೆದುಕೊಂಡಳು. "ನಮ್ಮವ್ವ ಬೈತಾಳ್ರಿ ಸರ್," ಎಂದಳು. ಮಾಸ್ತರು ತಿರುಗಲೂ ಇಲ್ಲ, ಇಂಜಿನ್ನಿನ ಸದ್ದಿನ ನಡುವೆಯೇ ಹೇಳಿದರು.

"ಇಮಾನ ಮೂವತ್ತ್ ಸಾವಿರ ಫೂಟ್ ಮ್ಯಾಲ ಅದ, ತಂಗಿ. ಬ್ಯಾಡ ಅನ್ನೋರು ಇಳೀಬಹುದು."

ಅವಳು ಫರಸಿಯ ಅಂಚಿನಿಂದ ಕೆಳಗೆ ಬಗ್ಗಿ ನೋಡಿದಳು. ನಿಜವಾಗಿ ನೋಡಿದಳು. ಆಮೇಲೆ ಪಾಟಿ ಮುಂದೆ ಚಾಚಿದಳು. ನಾನು ಬಡಿಸಿದೆ. ಕೊನೆಯ ಸಾಲಿನ ತನಕ ಎಲ್ಲರಿಗೂ ಬಡಿಸಿದೆ, ಎಲ್ಲರೂ ತಿಂದರು. ಆ ಬೇಸಿಗೆಯೆಲ್ಲ ನಾನು ನೆಲದಿಂದ ಒಂದು ಗೇಣು ಎತ್ತರದಲ್ಲಿ ನಡೆದೆ. ಜೂನಿನಲ್ಲಿ ಶಾಲೆ ಮತ್ತೆ ಶುರುವಾದಾಗ ನನ್ನ ಜೊತೆ ಕುಳಿತು ಬುತ್ತಿ ಬಿಚ್ಚಿದ ಮೊದಲ ಹುಡುಗಿ ಅದೇ ಅಂಗಡಿಕಾರರ ಮಗಳು.

ಅವರನ್ನು ದೇವರು ಮಾಡಲು ಹೊರಟಿಲ್ಲ. ಗಣಿತ ಕಲಿಸುವುದು ಅವರಿಗೆ ಬರುತ್ತಿರಲಿಲ್ಲ. ಭಾಗಾಕಾರ ಕೂಡಿ ಬರದಿದ್ದರೆ "ಹೋಗ್ಲಿ ಬಿಡ್ರಿ, ಸ್ವಲ್ಪ ಶೇಷ ಉಳೀಲಿ" ಎನ್ನುತ್ತಿದ್ದರು. ಹೆಸರು ನೆನಪಿರುತ್ತಿರಲಿಲ್ಲ, ಹುಡುಗರೆಲ್ಲ ತಮ್ಮ, ಹುಡುಗಿಯರೆಲ್ಲ ತಂಗಿ. ಮೇಲಿನವರಿಗೆ ಕಳಿಸಬೇಕಾದ ಲೆಕ್ಕದ ತಖ್ತೆಗಳು ಅವರ ಮೇಜಿನಲ್ಲಿ ಇಲಿಗಳಿಗೆ ಉಪಯೋಗವಾಗುತ್ತಿದ್ದವು. ಒಮ್ಮೆ ಇದೇ ವಿಷಯಕ್ಕೆ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಕೂತರು. ಅವರಿಗೆಂದು ಚಹಾ ಬಂತು. ಮಾಸ್ತರು ಕಪ್ಪಿನ ಮೇಲೆ ಬಸಿ ಮುಚ್ಚಿ, "ಒಂದು ನಿಮಿಷ ತಡೀರಿ ಸಾಹೇಬ್ರ," ಎಂದು ಜವಾನನನ್ನು ಕಳಿಸಿ, ಬಿಸಿಯೂಟದ ಅಡುಗೆಯಾಕೆಗೂ ಹೊರಗೆ ನಿಂತ ಜೀಪಿನ ಡ್ರೈವರಿಗೂ ಚಹಾ ತರಿಸಿ, ಅವರ ಕೈಗೆ ಕಪ್ಪು ಬಂದದ್ದನ್ನು ಕಿಟಕಿಯಿಂದ ನೋಡಿ, ಆಮೇಲೆ ಬಸಿ ತೆಗೆದರು. ಅಷ್ಟರಲ್ಲಿ ಸಾಹೇಬರ ಚಹಾ ಆರಿತ್ತು. ಸಿಟ್ಟು ಮಾತ್ರ ಆರಲಿಲ್ಲ, ಮಾಸ್ತರಿಗೆ ಆ ವರ್ಷದ ಇಂಕ್ರಿಮೆಂಟು ತಡವಾಯಿತು.

ಮದುವೆಮನೆಯ ಪಂಕ್ತಿಯಲ್ಲೂ ಅದೇ ಚಾಳಿ. ಎಲೆಯ ಮುಂದೆ ಕುಳಿತು, ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ನೋಡುವುದು. ಅವರ ಪಕ್ಕ ಕುಳಿತವರಿಗೆ ಹಸಿವು ತಡೆದುಕೊಳ್ಳುವ ಅಭ್ಯಾಸವಿರಬೇಕಿತ್ತು.

ನಿವೃತ್ತಿಯಾದ ಮೇಲೂ ಶಾಲೆಯವರು ವರ್ಷಕ್ಕೊಮ್ಮೆ ಅವರನ್ನು ಕರೆಸಿ ವಿಮಾನ ಹಾರಿಸುತ್ತಿದ್ದರು. ಸೈಕಲ್ಲಿನ ಬದಲು ಆಟೋದಲ್ಲಿ ಪರಾತ ಬರುತ್ತಿತ್ತು, ಅಷ್ಟೇ ಫರಕು. ನಾನು ಓದಿ ನರ್ಸ್ ಆಗಿ ಚಿತ್ತಾಪುರದಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವರು ವಾಟ್ಸಾಪಿನಲ್ಲಿ ಕೂಡಿಕೊಂಡು ಮಾಸ್ತರಿಗೆ ಏನಾದರೂ ಮಾಡಬೇಕು ಎಂದು ಎದ್ದೆವು. ಶಾಲು ಬೇಡ, ಅವರ ಮನೆಯಲ್ಲಿ ಶಾಲುಗಳಿಗೇ ಒಂದು ಟ್ರಂಕು ಇತ್ತು. ನಾನು ಹೋಗಿ ನೇರವಾಗಿ ಕೇಳಿದೆ.

ಮಾಸ್ತರು ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವಾರ ಕಡೆ ನೋಡಿದರು. ದನಿ ತಗ್ಗಿಸಿ ಹೇಳಿದರು, "ನನಗೇನೂ ಬ್ಯಾಡವ್ವ. ಆಕಿಗೆ ಒಮ್ಮೆ ಇಮಾನದಾಗ ಕುಂದ್ರಸ್ರಿ. ಮೂವತ್ತೈದ್ ವರ್ಷದಿಂದ ನನ್ನ ಮಾತ ಕೇಳಿ ಸುಸಲಾ ಮಾಡಾಕತ್ತಾಳ. ಆ ತಾಟ ಒಮ್ಮೆರೆ ಆಕಿ ಮುಂದ ಬರ್ಲಿ."

ಹೈದರಾಬಾದಿನಿಂದ ದಿಲ್ಲಿಗೆ ಮೂರು ಟಿಕೇಟು ತೆಗೆಯುವುದು ಎಂದಾಯಿತು. ಅವರಿಬ್ಬರಿಗೆ ಎರಡು, ಜೊತೆಗೆ ಹೋಗಲು ನನಗೊಂದು. ಬರುವಾಗ ರೈಲು. ಫೋನಿನಲ್ಲಿ ಟಿಕೇಟು ತೆಗೆದವಳು ನಾನೇ, ತಪ್ಪು ಮಾಡಿದವಳೂ ನಾನೇ. ಹೆಸರು, ವಯಸ್ಸು ತುಂಬಿದ ಮೇಲೆ ಅದು ಒಂದೊಂದೇ ಕೇಳತೊಡಗಿತು. ಇಂಥದೇ ಸೀಟು ಬೇಕೇ, ಇಷ್ಟು ರೂಪಾಯಿ. ಊಟ ಬೇಕೇ, ಇಷ್ಟು. ನಾನೂ ಅದುವರೆಗೆ ವಿಮಾನ ಹತ್ತಿದವಳಲ್ಲ. ಇದು ಸಾಹುಕಾರರಿಗೆ ಏನೋ ಹೆಚ್ಚಿನ ಊಟವಿರಬೇಕು, ಎಲ್ಲರಿಗೂ ಕೊಡುವ ಊಟ ಹೇಗೂ ಟಿಕೇಟಿನಲ್ಲೇ ಇದೆ ಎಂದುಕೊಂಡೆ. ಆ ನಂಬಿಕೆ ಎಲ್ಲಿಂದ ಬಂತು? ನಾಲ್ಕನೆಯ ಇಯತ್ತೆಯಿಂದ. ಊರಿಗೆಲ್ಲ ಇಂಜಕ್ಷನ್ನು ಚುಚ್ಚುವ, ದಿನಾ ಪೇಪರು ಓದುವ ಹೆಂಗಸು ನಾನು. ಫರಸಿ ನೆಲದ ಮೇಲೆ ಕಲಿತದ್ದು ಮಾತ್ರ ಅಲ್ಲಾಡಿರಲಿಲ್ಲ. ಬೇಡ, ಬೇಡ, ಬೇಡ ಎಂದು ಒತ್ತುತ್ತ ಹೋದೆ. ಗ್ರೂಪಿನಲ್ಲಿ ಹಾಕಿದಾಗ ಉಳಿದ ಹದಿನೆಂಟು ಜನಕ್ಕೂ ಅನುಮಾನ ಬರಲಿಲ್ಲ. ಎಲ್ಲರೂ ಅದೇ ವಿಮಾನದಲ್ಲಿ ಹಾರಿದವರು.

ಹೊರಡುವ ದಿನ ಅವ್ವಾರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಿಂತಿದ್ದರು. ಮಾಸ್ತರು ಗಂಟನ್ನು ತೆಗೆದು ಒಳಗಿಟ್ಟರು.

"ಉಣ್ಣಾಕ ಕರ್ದೋರ ಮನಿಗೆ ಯಾರರೆ ಬುತ್ತಿ ಕಟ್ಕೊಂಡು ಹೋಗ್ತಾರೇನು? ಅವ್ರಿಗೆ ಅವಮಾನ ಆಗ್ತದ. ಹೊಟ್ಟಿ ಖಾಲಿ ಇಟ್ಕೊಂಡು ನಡಿ."

ಮುಂಜಾನೆಯ ಬಸ್ಸಿನಲ್ಲಿ ನಾವು ಮೂವರೂ ಬರಿಹೊಟ್ಟೆಯಲ್ಲಿ ಹೈದರಾಬಾದಿಗೆ ಹೋದೆವು. ದಾರಿಯುದ್ದಕ್ಕೂ ಮಾಸ್ತರು ಅವ್ವಾರಿಗೆ ಪಾಠ ಒಪ್ಪಿಸಿದರು. ಪೆಪ್ಪರಮಿಂಟು ಕಡಿಯಬಾರದು, ಚೀಪಬೇಕು. ಅರಿವೆ ಬಿಸಿ ಇರುತ್ತದೆ, ಗಾಬರಿಯಾಗಬಾರದು. ಅವ್ವಾರು ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಹ್ಞೂಂ ಹ್ಞೂಂ ಎನ್ನುತ್ತಿದ್ದರು.

ವಿಮಾನದಲ್ಲಿ ನಮ್ಮ ಮೂವರಿಗೆ ಮೂರು ದಿಕ್ಕಿನ ಸೀಟು ಬಂದಿತ್ತು. ಒಟ್ಟಿಗೆ ಕೂರಬೇಕಿದ್ದರೆ ಅದಕ್ಕೂ ಬೇರೆ ಕೊಡಬೇಕಿತ್ತು. ಮಾಸ್ತರರದು ಮುಂದಿನ ಕಡೆ, ನನ್ನದು ನಡುವೆ, ಅವ್ವಾರದು ಕಟ್ಟಕಡೆಯ ಸಾಲು. ಒಬ್ಬ ಹುಡುಗ ತನ್ನ ಸೀಟು ಬಿಟ್ಟುಕೊಟ್ಟದ್ದರಿಂದ ನಾನು ಮಾಸ್ತರರ ಪಕ್ಕಕ್ಕೆ ಬಂದೆ. ಅವ್ವಾರನ್ನು ಅಲ್ಲಿ ಕೂರಿಸಿ ನಾನು ಹಿಂದೆ ಹೋಗುತ್ತೇನೆಂದರೆ ಅವರು ಕೇಳಲಿಲ್ಲ.

"ಅವ್ರಿಗೆ ಕಿವಿ ಮಂದ ಅದ, ನೀ ಬಾಜೂಕ ಇರವ್ವ. ನಾ ಹಿಂದ ಇದ್ರೇನು, ಮುಂದ ಇದ್ರೇನು, ಇಮಾನ ಒಂದೇ ಅಲ್ಲ? ಕೊಡೋರು ಅಲ್ಲೀತನಕಾ ಬರ್ತಾರ."

ವಿಮಾನ ಮೇಲೇರಿತು. ಪೆಪ್ಪರಮಿಂಟು ಬರಲಿಲ್ಲ. "ಹೊಸ ಮಂದಿ, ಮರ್ತಾರ," ಎಂದರು ಮಾಸ್ತರು. ಹತ್ತಿ ಬರಲಿಲ್ಲ. ಬಿಸಿ ಅರಿವೆಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗಾಡಿ ತಳ್ಳಿಕೊಂಡು ಇಬ್ಬರು ಹೊರಟಿದ್ದು ಕಂಡಿತು. ಮಾಸ್ತರು ಮುಂದಿನ ಹಲಗೆ ಇಳಿಸಿ, ಟವೆಲ್ಲಿಗೆ ಕೈ ಒರೆಸಿಕೊಂಡು, ನೆಟ್ಟಗೆ ಕುಳಿತರು. ನಮ್ಮ ಸಾಲಿಗೆ ಬಂದ ಹುಡುಗಿ ಕೈಯಲ್ಲಿದ್ದ ಪಟ್ಟಿ ನೋಡಿ, ನಿಮ್ಮ ಹೆಸರಿಗೆ ಊಟವಿಲ್ಲ, ಬೇಕಾದರೆ ಕೊಳ್ಳಬಹುದು ಎಂದು ಹಿಂದಿಯಲ್ಲಿ ನಯವಾಗಿ ಹೇಳಿ ಬೆಲೆಯ ಕಾಗದ ಕೊಟ್ಟಳು. ಮಾಸ್ತರು ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದರು.

"ತಂಗಿ, ಎಲ್ಲಾರಿಗೂ ಕೊಡಂಗಿಲ್ಲೇನು?"

ನನಗೆ ಆಗ ಎಲ್ಲ ತಿಳಿಯಿತು. "ಈಗ ಹಿಂಗೇ ಆಗ್ಯಾದಂತ ಕಾಣ್ತದ್ರಿ ಸರ್. ಟಿಕೇಟ್ ಅಗ್ಗ ಮಾಡ್ಯಾರ, ಊಟ ಬ್ಯಾರೆ ಮಾಡ್ಯಾರ. ತಪ್ಪು ನಂದೇ ಅದ್ರಿ. ಮೂರು ತಾಟ ಕೊಂಡ್ಬಿಡ್ತೀನಿ."

ಅವರು ನನ್ನ ಮುಂಗೈ ಹಿಡಿದರು. ಮುಂದಿನ ಸಾಲಿನಲ್ಲಿ ಒಬ್ಬರು ಬಿಸಿನೀರು ಹಾಕಿದ ಶ್ಯಾವಿಗೆ ತಿನ್ನುತ್ತಿದ್ದರು, ಅವರ ಪಕ್ಕದವರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕುಳಿತಿದ್ದರು. ಆಚೆ ಬದಿಯಲ್ಲಿ ಒಬ್ಬ ತಂದೆ ತನ್ನ ಪುಟ್ಟ ಮಗಳಿಗೆ ಮೋಡ ತೋರಿಸುತ್ತಿದ್ದ, ಆ ಮಗು ಶ್ಯಾವಿಗೆಯ ಕಡೆ ತಿರುಗಿದಾಗಲೆಲ್ಲ ಇನ್ನೊಂದು ಮೋಡ ತೋರಿಸುತ್ತಿದ್ದ. ಮಾಸ್ತರು ಇದನ್ನೆಲ್ಲ ನೋಡಿದರು.

"ನೀ ಕೊಂಡು ಆಕಿ ಮುಂದ ಇಟ್ರ, ನಾ ಹೇಳಿದ್ದು ಖರೇ ಅಂತ ತಿಳ್ಕೊಂಡು ತಿಂತಾಳ. ಅದು ಇನ್ನೊಂದು ಸುಳ್ಳ ಆಗ್ತದವ್ವ. ಬ್ಯಾಡ."

"ನೀವ್ ಸುಳ್ಳ ಹೇಳಿಲ್ರಿ ಸರ್. ನಿಮ್ಮ ಕಾಲಕ್ಕ ಕೊಡ್ತಿದ್ರು."

"ನನ್ನ ಕಾಲ ಮುಗುದು ಎಷ್ಟೋ ವರ್ಷ ಆಗಿರ್ಬೇಕು. ಮೊನ್ನೆ ಮಾರ್ಚ್‌ನ್ಯಾಗೂ ಮಕ್ಕಳಿಗೆ ಕೊಡ್ತಾರಂತ ಹೇಳೀನಿ. ಕೇಳಿ ತಿಳ್ಕೊಬೇಕಿತ್ತು ನಾ."

ಆಮೇಲೆ ನೀರು ಬಂತು. ಅದಕ್ಕೆ ದುಡ್ಡಿರಲಿಲ್ಲ. ಮಾಸ್ತರು ಕಾಗದದ ಕಪ್ಪು ಹಿಡಿದು ಕುತ್ತಿಗೆ ತಿರುಗಿಸಿ, ತಮ್ಮ ಸೇಡಂ ಹಿಂದಿಯಲ್ಲಿ ಆ ಹುಡುಗಿಯನ್ನು ಕೇಳಿದರು, "ಬೇಟೀ, ಪಿಛ್ಲೀ ಲೈನ್ ಕೋ ಪಾನಿ ಮಿಲಾ ಕ್ಯಾ?" ಅವಳು ನಕ್ಕು, "ಸಬ್ ಕೋ ಮಿಲಾ, ಅಂಕಲ್," ಎಂದಳು. ಆಮೇಲೆ ಕುಡಿದರು.

ನಾನು ಎದ್ದು ಹಿಂದೆ ಹೋದೆ. ಅವ್ವಾರು ಹಲಗೆ ಇಳಿಸಿಕೊಂಡು, ಅದರ ಮೇಲೆ ಎರಡೂ ಕೈ ಜೋಡಿಸಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ಕಂಡು ನಕ್ಕು, ಎಲ್ಲ ಆರಾಮ ಎಂದು ಕೈ ಮಾಡಿದರು. ಹೇಳಿಬಿಡಬೇಕಿತ್ತು. ವಾರಕ್ಕೊಮ್ಮೆ ಯಾರಿಗಾದರೂ ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸದ ಭಾಗ, ಆದರೂ ಹೇಡಿಯ ಹಾಗೆ ತಿರುಗಿ ಬಂದೆ.

ದಿಲ್ಲಿಯಲ್ಲಿ ಚೀಲಗಳು ಬರುವ ಪಟ್ಟಿಯ ಹತ್ತಿರ ನಾವು ಮೂವರೂ ಮತ್ತೆ ಸೇರಿದೆವು. ಮಾಸ್ತರು ಬಾಯಿ ತೆರೆಯುವ ಮೊದಲೇ ಅವ್ವಾರು ಶುರುಮಾಡಿದರು.

"ನಮ್ಮ ಸಾಲಿಗೆ ಮುಟ್ಲೇ ಇಲ್ಲ ನೋಡ್ರಿ! ಆ ಹುಡುಗಿ ಬಂದು ಏನೋ ಕೇಳಿದ್ಳು, ನನಗೇನ್ ತಿಳೀತದ, ನಕ್ಕೆ. ಆಕಿನೂ ನಕ್ಳು. ತಿರುಗಿ ತರ್ತಾಳ ಅಂತ ಹಲಗಿ ಬಿಚ್ಕೊಂಡು ಕುಂತೆ. ಅಷ್ಟ್ರಾಗ ಇಳಿಸೇಬಿಟ್ರು. ಹಿಂದ ಕುಂತ್ರ ಹಿಂಗೇ."

ಮಾಸ್ತರರ ಮುಖವನ್ನು ನಾನು ನೋಡಲಾರದೆ ಚೀಲಗಳ ಕಡೆ ನೋಡಿದೆ. ಅವರು ನಿಧಾನವಾಗಿ ಹೇಳಿದರು. "ಅವ್ರು ಮರ್ತಿಲ್ಲ. ಈಗ ಕೊಡಂಗೇ ಇಲ್ಲಂತ. ಕೊಂಡೋರಿಗೆ ಅಷ್ಟೇ. ನಾ ನಿನಗ ಹೇಳಿದ್ದು ಹಳೇದು. ನಾ ನಿನ್ನ ಉಪವಾಸ ಕರ್ಕೊಂಡು ಬಂದೆ."

ಅವ್ವಾರು ಪಟ್ಟಿಯಿಂದ ತಮ್ಮ ಚೀಲ ಎತ್ತಿಕೊಂಡರು. ಆಮೇಲೆ, "ಹೊರಗ ಏನರೆ ಸಿಗ್ತದೇನು ನೋಡ್ರಿ ಮೊದ್ಲ," ಎಂದರು. ಹೊರಗೆ ನಿಂತು ಮೂವರೂ ಪೂರಿ ತಿಂದೆವು. ಅವರ ಸಂಸಾರದಲ್ಲಿ ಆ ವಿಷಯಕ್ಕೆ ಜಗಳ ನಡೆದದ್ದನ್ನು ನಾನು ಕೇಳಲಿಲ್ಲ.

ದಿಲ್ಲಿ ನೋಡಿದೆವು. ಮಾಸ್ತರು ಎಲ್ಲವನ್ನೂ ನೋಡಿದರು, ಯಾವುದನ್ನೂ ವರ್ಣಿಸಲಿಲ್ಲ. ರೈಲಿನಲ್ಲಿ ವಾಪಸು ಬರುವಾಗ, ಇನ್ನೊಂದು ತಾಸಿಗೆ ವಾಡಿ ಎನ್ನುವಾಗ, ಕಿಟಕಿಯಾಚೆ ನಮ್ಮ ಕಡೆಯ ಬಿಳಿ ಧೂಳು ಕಾಣತೊಡಗಿದಾಗ ಹೇಳಿದರು, "ಈ ವರ್ಷದಿಂದ ಇಮಾನ ಬ್ಯಾಡ. ಸಾಲ್ಯಾಗ ಸುಳ್ಳ ಹೇಳೂದು ಚಲೋ ಅಲ್ಲ."

ಅದನ್ನು ಕೇಳಿ ನಾನು ಅವರ ಪಕ್ಕಕ್ಕೆ ಸರಿದು ಕುಳಿತೆ. ಮೂವತ್ತು ವರ್ಷ ಯಾರಿಗೂ ಹೇಳದಿದ್ದನ್ನು ಹೇಳಿದೆ. ಬೇವಿನ ಮರದ ಆಚೆ ಬದಿ ಕುಳಿತು ಉಣ್ಣುತ್ತಿದ್ದದ್ದು, ಆ ದಿನ ಪರಾತ ನನ್ನ ಕೈಗೆ ಬಂದದ್ದು, ಹೊಳೆ ದಂಡೆಯವಳೆಂದು ಗೊತ್ತಿದ್ದೇ ಅವರು ನನ್ನನ್ನು ಆರಿಸಿದರೆಂದು ಇವತ್ತಿಗೂ ಅವರನ್ನು ನೆನೆಯುವುದು. ನರ್ಸ್ ಆಗಿದ್ದಕ್ಕೂ ಅದೇ ಕಾರಣ ಎಂದೆ.

ಮಾಸ್ತರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನೆನಪು ಮಾಡಿಕೊಂಡರು.

"ಹಂಗೇನ್ ಇಲ್ಲವ್ವ. ನೀ ಯಾರ ಮಗಳು ಅಂತ ನನಗೆಲ್ಲಿ ನೆನಪಿರ್ತಿತ್ತು? ಅವತ್ತ ಕೈ ತೊಳ್ಕೊಂಡು ಬರ್ರಿ ಅಂದಿದ್ದೆ. ತೊಳ್ಕೊಂಡು ಬಂದಾಕಿ ನೀ ಒಬ್ಬಾಕೇ."

ಮೊದಲು ಸ್ವಲ್ಪ ಅವಮಾನವೇ ಆಯಿತು. ಇಷ್ಟು ವರ್ಷ ಜೋಪಾನ ಮಾಡಿದ ಕಥೆಯನ್ನು ಅವರು ಒಂದೇ ಮಾತಿಗೆ ಕೆಡವಿದ್ದರು. ಆಮೇಲೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಇಡೀ ಊರಿಗೆ ನಾನು ಹೊಳೆ ದಂಡೆಯವಳಾಗಿದ್ದ ಕಾಲದಲ್ಲಿ ಒಬ್ಬರ ಕಣ್ಣಿಗೆ ನಾನು ಕೈ ತೊಳೆದುಕೊಂಡ ಹುಡುಗಿಯಷ್ಟೇ ಆಗಿದ್ದೆ. ಅದಕ್ಕಿಂತ ದೊಡ್ಡ ಕರುಣೆ ಇನ್ನಾವುದಿದೆಯೋ ನನಗೆ ಗೊತ್ತಿಲ್ಲ.

ಎದುರು ಸೀಟಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಅವ್ವಾರು ತಲೆ ಎತ್ತದೆ ಹೇಳಿದರು, "ಅವ್ರು ಕೊಡೂದು ಬಿಟ್ರಂತ ನಾವೂ ಬಿಡ್ಬೇಕೇನ್ರಿ? ಮಕ್ಕಳಿಗೆ ಖರೇ ಏನದ ಅದು ಹೇಳ್ರಿ. ಸುಸಲಾ ನಾ ಮಾಡ್ತೀನಿ."

ಮಾಸ್ತರು ಕೈ ಚಾಚಿ ಬಾಳೆಹಣ್ಣು ತೆಗೆದುಕೊಂಡರು. ಪರೀಕ್ಷೆ ಮುಗಿಯುವ ಹೊತ್ತಿಗೆ ಶಾಲೆಯಿಂದ ಫೋನು ಬಂದಾಗ ಬರುತ್ತೇನೆ ಎಂದರಂತೆ. ನಾನು ರಜೆ ಹಾಕಿ ಹೋದೆ. ಆಟೋದಿಂದ ಪರಾತ ಇಳಿಯಿತು, ಮಾಸ್ತರು ಇಳಿದರು, ಅವರ ಹಿಂದೆ ಅವ್ವಾರೂ ಇಳಿದರು. ಇಷ್ಟು ವರ್ಷದಲ್ಲಿ ಅವರು ಶಾಲೆಗೆ ಬಂದದ್ದು ಅದೇ ಮೊದಲು. ಮಾಸ್ತರು ಅವರ ಕೈ ಹಿಡಿದು ಕೋಣೆಯ ಹಿಂದಿನ ಗೋಡೆಯ ತನಕ ಕರೆದುಕೊಂಡು ಹೋಗಿ, ಕಟ್ಟಕಡೆಯ ಸಾಲಿನ ಫರಸಿಯ ಮೇಲೆ ಕೂರಿಸಿದರು.

ಆಮೇಲೆ ಮುಂದೆ ಬಂದು ನಿಂತರು. ಅವರು ಇಂಜಿನ್ನು ಶುರು ಮಾಡಲಿ ಎಂದು ಮಕ್ಕಳು ಕಾಯುತ್ತಿದ್ದರು.

"ಮಕ್ಕಳಾ, ನಿಮ್ಮಪ್ಪ, ನಿಮ್ಮವ್ವ ಇಲ್ಲಿ ಕುಂತಾಗ ನಾ ಒಂದು ಮಾತು ಹೇಳಿದ್ದೆ. ಇಮಾನದಾಗ ಕುಂತೋರಿಗೆಲ್ಲಾ ಉಣ್ಣಾಕ ಕೊಡ್ತಾರಂತ. ನಾ ಮೊದಲ ಕುಂತಾಗ ಕೊಟ್ಟಿದ್ರು. ಈ ಸಲ ಹೋಗಿ ನೋಡೀನಿ. ಈಗ ಕೊಡಂಗಿಲ್ಲ. ಬೇಕಾದೋರು ರೊಕ್ಕ ಕೊಟ್ಟು ತಗೋಬೇಕು, ಉಳಿದೋರು ಸುಮ್ನ ಕುಂದ್ರಬೇಕು. ಮನಿಗೆ ಹೋಗಿ ನಿಮ್ಮಪ್ಪಗ, ನಿಮ್ಮವ್ವಗ ಹೇಳ್ರಿ, ಮಾಸ್ತರು ಹೇಳಿದ್ದು ಈಗ ಖರೇ ಇಲ್ಲಂತ."

ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿದಳು. "ಹಂಗಾದ್ರ ಇವತ್ತ ನಾವೂ ರೊಕ್ಕ ಕೊಡ್ಬೇಕೇನ್ರಿ ಸರ್?"

ಮಾಸ್ತರು ಅವಳನ್ನು ನೋಡಿದರು. ದಿಲ್ಲಿಯಿಂದ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಆಗಲೇ.

"ಇಲ್ಲ ತಂಗಿ. ಇದು ನಮ್ಮ ಇಮಾನ ಅಲ್ಲೇನು? ಏಳು, ನೀನೇ ಪರಾತ ಹಿಡಿ. ಇವತ್ತ ಹಿಂದಿನ ಸಾಲಿಂದ ಕೊಟ್ಕೋತ ಬಾ. ಕೊಟ್ಟಂಗ ಕೊಟ್ಟಂಗ ಅವ್ರು ತಿನ್ಲಿ. ಮುಂದಿನೋರು ಕಾಯ್ರಿ."

ಹುಡುಗಿ ಪರಾತ ಎತ್ತಿಕೊಂಡು ಹಿಂದಿನ ಗೋಡೆಯ ತನಕ ಹೋಗಿ, ಮೊದಲ ಹಿಡಿಯನ್ನು ಅವ್ವಾರ ಮುಂದೆ ಇಟ್ಟಳು. ಮಕ್ಕಳೆಲ್ಲ ತಿರುಗಿ ಕುಳಿತು ಅವರನ್ನೇ ನೋಡಿದರು. ಅವ್ವಾರು ಸೆರಗು ಸರಿಮಾಡಿಕೊಂಡು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಬೆಳಗಿನ ಪೂಜೆಯಾಗದೆ ಅವರು ಏನನ್ನೂ ಬಾಯಿಗೆ ಮುಟ್ಟಿಸುವವರಲ್ಲ, ಸುಸಲಾ ಮಾಡುತ್ತಿದ್ದುದು ಪೂಜೆಗೆ ಮೊದಲು. ಪರಾತ ಹೋದ ಮೇಲೆ ಮನೆಯಲ್ಲಿ ಒಂದು ಕಾಳೂ ಉಳಿಯುತ್ತಿರಲಿಲ್ಲ, ಹಾಗಾಗಿ ಆ ಪರಾತದ ರುಚಿಯನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅಗಿದರು, ನಿಲ್ಲಿಸಿದರು, ಮತ್ತೆ ಅಗಿದರು.

"ಅಯ್ಯ, ಉಪ್ಪು ಕಡಿಮಿ ಅದಲ್ರಿ! ಇಷ್ಟ ವರ್ಷದಾಗ ಒಬ್ಬರರೆ ಹೇಳಬಾರ್ದೇನು?"

ಮುಂದಿನ ಸಾಲಿನಲ್ಲಿ, ಮಕ್ಕಳ ನಡುವೆ, ಮಾಸ್ತರು ಕೈ ಕಟ್ಟಿ ಕುಳಿತು ತಮ್ಮ ಸರದಿಗೆ ಕಾಯುತ್ತಿದ್ದರು.

"ಮೊದಲಿಂದಾನೂ ಕಡಿಮಿನೇ ಇತ್ತು," ಎಂದರು.